ಫೋನ್ ಟೇಬಲ್ಲಿನ ಕಂಪ್ಯೂಟರ್

ಹದಿನಾರು ಕಂಪ್ಯೂಟರ್‌ಗಳಲ್ಲಿ ಹದಿನೈದು ಇವತ್ತಿಗೂ ಚೆನ್ನಾಗಿ ಓಡುತ್ತಿವೆ. ಅವುಗಳ ವಿಷಯವನ್ನು ಬೇಕಾದಷ್ಟು ಕಡೆ ಹೇಳಿಕೊಂಡಿದ್ದೇನೆ. ಯಾರಿಗೂ ಸರಿಯಾಗಿ ಹೇಳದೆ ಉಳಿಸಿಕೊಂಡದ್ದು ಹದಿನಾರನೆಯದರ ವಿಷಯ.

ಪುಲಿಕೇಶಿನಗರದಲ್ಲಿ, ಮಾಸ್ಕ್ ರೋಡಿನಿಂದ ಎರಡು ತಿರುವು ಒಳಗೆ, ಹಳೆಯ ಬಂಗಲೆಯೊಂದರಲ್ಲಿ ನಡೆಯುವ ಸಣ್ಣ ಧರ್ಮಾಸ್ಪತ್ರೆ ಅದು. ಹೃದಯ, ಮೂಳೆ, ಚರ್ಮ, ಮಕ್ಕಳ ಕಾಯಿಲೆ, ಹೀಗೆ ವಾರದ ಒಂದೊಂದು ದಿನ ಒಬ್ಬೊಬ್ಬ ಡಾಕ್ಟರು ಹೊರಗಿನಿಂದ ಬಂದು ಕೂರುತ್ತಾರೆ. ಶಿವಾಜಿನಗರದಿಂದ ಹಿಡಿದು ಕೆ.ಆರ್. ಪುರದ ತನಕದ ಜನ ಮೊದಲೇ ಫೋನ್ ಮಾಡಿ ಹೊತ್ತು ಗೊತ್ತುಮಾಡಿಕೊಂಡು ಬರುತ್ತಾರೆ. ಅಲ್ಲಿನ ಆಡಳಿತ ನೋಡಿಕೊಳ್ಳುವ ಮೇಡಂ ಒಂದು ದಿನ ನನ್ನನ್ನು ಕರೆಸಿದರು. ಕಂಪ್ಯೂಟರ್‌ಗಳಲ್ಲಿದ್ದ ವಿಂಡೋಸ್‌ಗೆ ಇನ್ನು ಅಪ್‌ಡೇಟ್ ಬರುವುದಿಲ್ಲ. ಹೊಸ ವಿಂಡೋಸ್ ಹಾಕೋಣವೆಂದರೆ ಯಂತ್ರಗಳು ಹಳೆಯವು, ಅದು ಕೂರುವುದಿಲ್ಲ. ಹಿಂದೆ ರಿಪೇರಿ ಮಾಡುತ್ತಿದ್ದವನು ಎಲ್ಲವನ್ನೂ ಗುಜರಿಗೆ ಹಾಕಿ ಹೊಸದು ತೆಗೆದುಕೊಳ್ಳಿ ಎಂದಿದ್ದನಂತೆ.

"ಒಂದೂ ಎಸೀಬೇಡಿ ಮೇಡಂ," ಎಂದೆ. "ಶನಿವಾರ, ಭಾನುವಾರ ಎರಡು ದಿನ ಕೊಡಿ ಸಾಕು. ಎಲ್ಲದ್ರಲ್ಲೂ ವಿಂಡೋಸ್ ಬದ್ಲು ಲಿನಕ್ಸ್ ಹಾಕ್ಕೊಡ್ತೀನಿ, ಅದು ಫ್ರೀ, ಹಳೇ ಮಿಷಿನಲ್ಲೂ ಓಡುತ್ತೆ. ಇನ್ನೂ ಐದಾರು ವರ್ಷ ಅಲ್ಲಾಡಲ್ಲ."

ನನ್ನ ಅಭಿಪ್ರಾಯಗಳು ಆಗಲೂ ಗಟ್ಟಿ, ಈಗಲೂ ಗಟ್ಟಿ. ಸರಿಯಾಗಿ ಓಡುವ ಯಂತ್ರವನ್ನು ಎಲ್ಲೋ ಕೂತ ಕಂಪನಿಯೊಂದು ಹಳತಾಯಿತು ಅಂದದ್ದಕ್ಕೆ ಕಸಕ್ಕೆ ಹಾಕುವುದು ಪಾಪ. ದುಡ್ಡು ಕೊಟ್ಟು ತಂದ ಟಿವಿ ಜಾಹೀರಾತು ತೋರಿಸುವುದು, ನಮ್ಮದೇ ಫೋನು ನಮ್ಮನ್ನು ಕೇಳದೆ ತನ್ನ ಮುಖ ಬದಲಿಸಿಕೊಳ್ಳುವುದು, ಇವೆಲ್ಲ ನನಗೆ ಮೈ ಉರಿಸುವ ಸಂಗತಿಗಳು. ಯಂತ್ರ ನಾವು ಹೇಳಿದ್ದನ್ನು ಕೇಳಬೇಕು. ಲಿನಕ್ಸ್ ಕೇಳುತ್ತದೆ. ಹಲಸೂರಿನ ನನ್ನ ಬೀದಿಯಲ್ಲಿ ನನ್ನ ಕೈಯಲ್ಲಿ ಲಿನಕ್ಸ್ ಹಾಕಿಸಿಕೊಳ್ಳದೆ ತಪ್ಪಿಸಿಕೊಂಡವರು ಕಡಿಮೆ. ಬೇಡ ಅಂದವರನ್ನು ಸೋಮಾರಿಗಳು ಎಂದು ಒಳಗೊಳಗೇ ಎಣಿಸುತ್ತಿದ್ದೆ.

ಶುಕ್ರವಾರ ಆಸ್ಪತ್ರೆಗೆ ಹೋಗಿ ಒಂದೊಂದೇ ಯಂತ್ರ ನೋಡಿ ಬರೆದುಕೊಂಡೆ. ರಿಜಿಸ್ಟ್ರೇಷನ್, ಲ್ಯಾಬು, ಔಷಧಿ ಅಂಗಡಿ, ಎಕ್ಸ್‌ರೇ. ಕೊನೆಗೆ ಮೆಟ್ಟಿಲ ಕೆಳಗಿನ ಫೋನ್ ಟೇಬಲ್. ಅಲ್ಲಿ ಕೂತಿದ್ದವರಿಗೆ ಐವತ್ತು ದಾಟಿರಬಹುದು. ಎಂಟನೆಯ ವಯಸ್ಸಿಗೇ ಕಣ್ಣು ಹೋದವರು. ಎಲ್ಲರೂ ಅವರನ್ನು ಆಪರೇಟರ್ ಅಣ್ಣ ಎನ್ನುತ್ತಿದ್ದರು. ಒಂದು ಕಿವಿಗೆ ಫೋನಿನ ಹೆಡ್‌ಸೆಟ್, ಇನ್ನೊಂದಕ್ಕೆ ಕಂಪ್ಯೂಟರಿನ ಇಯರ್‌ಫೋನ್. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಅವರ ಯಂತ್ರದಲ್ಲಿತ್ತು. ಅದರ ವೇಗವನ್ನು ಎಷ್ಟು ಏರಿಸಿಕೊಂಡಿದ್ದರೆಂದರೆ, ಪಕ್ಕದಲ್ಲಿ ನಿಂತ ನನಗೆ ಮಿಡತೆಯೊಂದು ಚಿರ್ರೆಂದಂತೆ ಕೇಳಿಸುತ್ತಿತ್ತೇ ಹೊರತು ಒಂದಕ್ಷರವೂ ತಿಳಿಯಲಿಲ್ಲ. ಅವರು ಮಾತ್ರ ಆ ಚಿರ್ರನ್ನು ಕೇಳುತ್ತಲೇ ಈ ಕಡೆ ತಮಿಳಿನಲ್ಲಿ ಒಬ್ಬರಿಗೆ ಗುರುವಾರ ಹತ್ತೂವರೆ ಎಂದು ಹೇಳಿ, ಮುಂದಿನ ಕರೆಗೆ ಉರ್ದುವಿನಲ್ಲಿ ಸಲಾಂ ಹೇಳಿ, ನಡುವೆ ನನ್ನ ಕಡೆ ಮುಖ ತಿರುಗಿಸಿ ಕನ್ನಡದಲ್ಲಿ "ಯಾರು ಸಾರ್?" ಎಂದರು.

ವಿಷಯ ಹೇಳಿದೆ.

"ನನ್ನ ಮಿಷಿನ್ ಕೊನೇಲಿ ಮಾಡಿ ಸಾರ್. ಮೊದ್ಲು ಬೇರೆ ಯಾವ್ದಾದ್ರೂ ಒಂದ್ರಲ್ಲಿ ಹಾಕಿ, ನಾನು ಒಂದ್ ಗಂಟೆ ಕೂತ್ಕೊಂಡ್ ನೋಡ್ತೀನಿ."

"ಎಲ್ಲಾ ಬರುತ್ತೆ ಅಣ್ಣಾ. ಲಿನಕ್ಸಲ್ಲೂ ಮಾತಾಡೋ ಸಾಫ್ಟ್‌ವೇರ್ ಇದೆ."

"ಇದೆ ಅನ್ನೋದು ಬೇರೆ ಸಾರ್, ನನ್ನ ಕೈಗೆ ಬಗ್ಗೋದು ಬೇರೆ."

ಅಷ್ಟರಲ್ಲಿ ಫೋನ್ ಬಂತು. ನಾನು ಅವರ ಯಂತ್ರದ ನಂಬರ್ ಬರೆದುಕೊಂಡು ಹೊರಟುಬಿಟ್ಟೆ. ಆ ಒಂದು ಗಂಟೆಯನ್ನು ಅವರಿಗೆ ಕೊಡಲಿಲ್ಲ.

ಶನಿವಾರ ಮಧ್ಯಾಹ್ನ ಆಸ್ಪತ್ರೆ ಬಾಗಿಲು ಹಾಕಿದ ಮೇಲೆ ಕೆಲಸ ಶುರುವಾಯಿತು. ಮೊದಲು ಪ್ರತಿ ಹಾರ್ಡ್ ಡಿಸ್ಕಿನ ಯಥಾಪ್ರತಿಯನ್ನು ನನ್ನ ದೊಡ್ಡ ಡಿಸ್ಕಿಗೆ ತೆಗೆದಿಟ್ಟುಕೊಂಡೆ. ಏನಾದರೂ ಕೆಟ್ಟರೆ ಮುಕ್ಕಾಲು ಗಂಟೆಯಲ್ಲಿ ಹಳೆಯ ಸ್ಥಿತಿಗೆ ತರಬಹುದು. ಆಮೇಲೆ ನೆಟ್‌ವರ್ಕಿನ ಮೂಲಕ ಒಟ್ಟೊಟ್ಟಿಗೆ ನಾಲ್ಕು ನಾಲ್ಕು ಯಂತ್ರಗಳಿಗೆ ಲಿನಕ್ಸ್ ಇಳಿಸಿದೆ. ಲ್ಯಾಬಿನ ಸೀಸೆಗಳ ಮೇಲೆ ಅಂಟಿಸುವ ಚೀಟಿಯ ಪ್ರಿಂಟರ್ ಭಾನುವಾರ ಬೆಳಿಗ್ಗೆಯನ್ನೆಲ್ಲ ತಿಂದಿತು. ಚೀಟಿ ಅರ್ಧ ಬೆರಳು ಕೆಳಗೆ ಜಾರುತ್ತಿತ್ತು. ಅದನ್ನು ಸರಿಮಾಡಿದಾಗ ನಾನೊಬ್ಬನೇ ಕೂತು ಚಪ್ಪಾಳೆ ತಟ್ಟಿಕೊಂಡದ್ದು ನೆನಪಿದೆ.

ಅಪಾಯಿಂಟ್‌ಮೆಂಟ್ ಪ್ರೋಗ್ರಾಮು ಹಿಂದೆ ಯಾರೋ ಈ ಆಸ್ಪತ್ರೆಗೆಂದೇ ಬರೆದುಕೊಟ್ಟದ್ದು, ವಿಂಡೋಸ್‌ನಲ್ಲಿ ಮಾತ್ರ ಓಡುವಂಥದು. ವಿಂಡೋಸ್ ಪ್ರೋಗ್ರಾಮುಗಳನ್ನು ಲಿನಕ್ಸ್‌ನೊಳಗೆ ಓಡಿಸುವ ಒಂದು ಪದರವಿದೆ. ಅದರ ಮೇಲೆ ಕೂರಿಸಿದೆ, ಕೂತಿತು. ಡಾಕ್ಟರುಗಳ ಪಟ್ಟಿ, ತಾರೀಖು, ಖಾಲಿ ಇರುವ ಹೊತ್ತು ಎಲ್ಲವೂ ಪರದೆಯ ಮೇಲೆ ಇದ್ದ ಹಾಗೇ ಬಂದವು. ಫೋನ್ ಟೇಬಲ್ಲಿನ ಯಂತ್ರದಲ್ಲಿ ಲಿನಕ್ಸ್‌ನ ಸ್ಕ್ರೀನ್ ರೀಡರನ್ನು ಚಾಲೂ ಮಾಡಿದೆ. ಮೆನು ಓದಿತು, ಬ್ರೌಸರ್ ಓದಿತು. ಪಟ್ಟಿಯಲ್ಲಿ ಗುರುತು ಹಾಕಿ ಮನೆಗೆ ಹೋದೆ. ಅದು ಮಾತಾಡುತ್ತಿರುವಾಗ ಅಪಾಯಿಂಟ್‌ಮೆಂಟ್ ಪ್ರೋಗ್ರಾಮು ತೆರೆದು ನೋಡಲಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ನೋಡಿದ್ದೆ, ಎರಡೂ ಸರಿಯಿದ್ದವು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಫೋನ್ ಬಂತು.

"ಸಾರ್, ಇದು ಮಾತಾಡ್ತಾನೇ ಇಲ್ಲ."

"ಇಯರ್‌ಫೋನ್ ಸರಿಯಾಗಿ ಹಾಕಿದೀರಾ ಅಣ್ಣಾ?"

"ಆನ್ ಆದಾಗ ಮಾತಾಡ್ತು. ಅಪಾಯಿಂಟ್‌ಮೆಂಟ್ ತೆಗೆದ ತಕ್ಷಣ ಬಾಯಿ ಮುಚ್ಕೊಂಡ್ಬಿಡ್ತು. ಮೂರು ಲೈನ್ ಕಾಯ್ತಿದಾವೆ, ಬೇಗ ಬನ್ನಿ."

ಹೋಗಿ ನೋಡಿದರೆ ನಿಜ. ಪಕ್ಕದ ಕೋಣೆಯ ನರ್ಸ್ ಬಂದು ಅವರಿಗೆ ಪರದೆ ಓದಿ ಹೇಳುತ್ತಿದ್ದರು. ಹತ್ತು ನಿಮಿಷದಲ್ಲಿ ಕಾರಣ ತಿಳಿಯಿತು. ಆ ಪದರ ಹಳೆಯ ಪ್ರೋಗ್ರಾಮಿನ ಚಿತ್ರವನ್ನು ಪರದೆಯ ಮೇಲೆ ಬರೆಯುತ್ತದೆ, ಅಷ್ಟೆ. ಇದು ಗುಂಡಿ, ಇದರ ಹೆಸರು ಇಂಥದು, ಇದು ತಾರೀಖು ತುಂಬುವ ಜಾಗ ಎಂಬ ಮಾಹಿತಿಯನ್ನು ಸ್ಕ್ರೀನ್ ರೀಡರಿಗೆ ದಾಟಿಸುವುದಿಲ್ಲ. ಕಣ್ಣಿಗೆ ಚಿತ್ರ ಸಾಕು, ಕಿವಿಗೆ ಹೆಸರು ಬೇಕು. ಇದನ್ನು ಸರಿಪಡಿಸುವುದು ಒಂದು ಸೆಟ್ಟಿಂಗಿನ ಕೆಲಸವಲ್ಲ ಎಂಬುದೂ ಆ ಹತ್ತು ನಿಮಿಷದಲ್ಲೇ ಗೊತ್ತಾಯಿತು.

ಸಂಜೆ ಫೋನುಗಳು ಕಡಿಮೆಯಾದ ಮೇಲೆ ಆಪರೇಟರ್ ಅಣ್ಣ ಮೆತ್ತಗೆ ಹೇಳಿದರು. "ಸಾರ್, ಹಳೇದನ್ನೇ ವಾಪಸ್ ಹಾಕ್ಬಿಡಿ. ನಂದೊಂದೇ ತಾನೆ."

ಡಿಸ್ಕ್ ನನ್ನ ಚೀಲದಲ್ಲೇ ಇತ್ತು. ಮುಕ್ಕಾಲು ಗಂಟೆಯ ಕೆಲಸ. "ಒಂದು ವಾರ ಕೊಡಿ ಅಣ್ಣಾ, ಇದಕ್ಕಿಂತ ಚೆನ್ನಾಗಿ ಮಾಡ್ಕೊಡ್ತೀನಿ," ಎಂದೆ. ಮೇಡಂ ಬಂದು ವಿಚಾರಿಸಿದಾಗ ಇನ್ನೂ ಮುಂದೆ ಹೋದೆ. ಒಂದು ಹಳೆಯ ವಿಂಡೋಸ್ ಉಳಿದರೂ ಅದರ ಮೂಲಕ ವೈರಸ್ ನುಗ್ಗಿ ಎಲ್ಲ ಯಂತ್ರಗಳಿಗೂ ಅಪಾಯ ಎಂದೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಆ ಯಂತ್ರಕ್ಕೆ ಇಂಟರ್ನೆಟ್ ತಪ್ಪಿಸಿ ಬೇಲಿ ಹಾಕಿ ಇಡುವುದು ನನಗೆ ಗೊತ್ತಿಲ್ಲದ ವಿದ್ಯೆಯೇನೂ ಆಗಿರಲಿಲ್ಲ. ನಿಜವಾದ ಕಾರಣ ಬೇರೆ ಇತ್ತು. ಮುಂದಿನ ವಾರದ ಶನಿವಾರ ಇಂದಿರಾನಗರದಲ್ಲಿ ನಮ್ಮ ಲಿನಕ್ಸ್ ಗೆಳೆಯರ ಕೂಟವಿತ್ತು. ಒಂದು ಇಡೀ ಆಸ್ಪತ್ರೆಯನ್ನು ಲಿನಕ್ಸ್‌ಗೆ ತಂದ ಬಗ್ಗೆ ನಾನು ಮಾತಾಡುವುದಿತ್ತು. ಹದಿನಾರಕ್ಕೆ ಹದಿನಾರು ಎಂಬ ಸ್ಲೈಡು ಅಷ್ಟರಲ್ಲೇ ಸಿದ್ಧವಾಗಿತ್ತು.

ಗುರುವಾರದ ತನಕ ಕೂತು ಒಂದು ದಾರಿ ಹುಡುಕಿದೆ. ಟರ್ಮಿನಲ್ ಎಂದು ನಾವು ಕರೆಯುವ, ಬರೀ ಅಕ್ಷರಗಳಿರುವ ಕಪ್ಪು ಕಿಟಕಿಯನ್ನು ಸ್ಕ್ರೀನ್ ರೀಡರ್ ಓದಬಲ್ಲದು. ಆದ್ದರಿಂದ ಅಪಾಯಿಂಟ್‌ಮೆಂಟ್‌ಗಳ ದತ್ತಾಂಶವನ್ನು ನೇರವಾಗಿ ತೆಗೆದು ಅಲ್ಲಿ ತೋರಿಸುವ ಸಣ್ಣ ಪ್ರೋಗ್ರಾಮು ಬರೆದೆ. ಡಾಕ್ಟರಿಗೊಂದು ಅಂಕಿ ಒತ್ತಬೇಕು, ತಾರೀಖು ಒತ್ತಬೇಕು, ಖಾಲಿ ಇರುವ ಹೊತ್ತುಗಳು ಸಾಲಾಗಿ ಬರುತ್ತವೆ. ಬರೆದದ್ದು ಚೆನ್ನಾಗಿಯೇ ಇತ್ತು. ಆದರೆ ಅಂಕಿಗಳನ್ನು ಕೊಟ್ಟವನು ನಾನು, ಅವರನ್ನು ಕೇಳದೆ. ಹೃದಯದ ಡಾಕ್ಟರಿಗೆ ಮೂರು, ಮೂಳೆ ಡಾಕ್ಟರಿಗೆ ಆರು. ಆ ಯಾಂತ್ರಿಕ ಕನ್ನಡ ದನಿಯಲ್ಲಿ, ಅವರಿಗೆ ಬೇಕಾದ ವೇಗದಲ್ಲಿ, ಮೂರೂ ಆರೂ ಒಂದೇ ಥರ ಕೇಳಿಸುತ್ತಿದ್ದವು. ವೇಗ ಇಳಿಸಿದರೆ ಕರೆಗಳು ಸಾಲುಗಟ್ಟುತ್ತಿದ್ದವು.

ಮುಂದಿನ ಬುಧವಾರ ಕೆ.ಆರ್. ಪುರದ ಕಡೆಯ ಒಬ್ಬ ವಯಸ್ಸಾದ ಹೆಂಗಸು ಹೃದಯದ ಡಾಕ್ಟರಿಗೆ ತೋರಿಸಲು ಬಂದರು. ಅವತ್ತು ಕೂತಿದ್ದದ್ದು ಮೂಳೆ ಡಾಕ್ಟರು. ಎರಡು ಬಸ್ಸು ಬದಲಿಸಿ, ಬೆಳಿಗ್ಗೆ ಏನೂ ತಿನ್ನದೆ ಬಂದಿದ್ದರು. ನಾನು ಆಗ ಅಲ್ಲೇ, ಔಷಧಿ ಅಂಗಡಿಯ ಪ್ರಿಂಟರ್ ನೋಡುತ್ತಿದ್ದೆ.

"ನಿನ್ ಮಾತು ನಂಬ್ಕೊಂಡ್ ಬಂದೆ ಕಣಪ್ಪಾ," ಎಂದರು ಆಕೆ ಫೋನ್ ಟೇಬಲ್ಲಿನ ಮುಂದೆ ನಿಂತು.

ಆಪರೇಟರ್ ಅಣ್ಣ ಎದ್ದು ನಿಂತರು. "ನಂದೇ ತಪ್ಪು ತಾಯಿ. ಕೂತ್ಕೊಳಿ, ಏನಾದ್ರೂ ತರಿಸ್ತೀನಿ."

ಪ್ರೋಗ್ರಾಮು ಹೊಸದು, ಅಂಕಿ ಸರಿಯಾಗಿ ಕೇಳಿಸುವುದಿಲ್ಲ ಎಂದು ಅವರು ಹೇಳಬಹುದಿತ್ತು. ಹೇಳಲಿಲ್ಲ. ಹೇಳಬೇಕಾದವನು ನಾನು. ಪ್ರಿಂಟರಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಾ ಅಲ್ಲೇ ಬಗ್ಗಿಕೊಂಡು ನಿಂತಿದ್ದೆ.

ಮಧ್ಯಾಹ್ನ ಮೇಡಂ ತಮ್ಮ ಕೋಣೆಗೆ ಕರೆದರು. "ಇದು ಈ ವಾರದಲ್ಲಿ ಸೆಕೆಂಡ್ ಕಂಪ್ಲೇಂಟ್. ತುಂಬಾ ಒಳ್ಳೆ ಮನುಷ್ಯ ಅವರು, ಹತ್ತೊಂಬತ್ತು ವರ್ಷ ಸರ್ವಿಸ್. ಬಟ್ ಈ ಚೇಂಜ್‌ಗೆ ಅಡ್ಜಸ್ಟ್ ಆಗೋಕೆ ಅವರಿಗೆ ಆಗ್ತಿಲ್ಲ ಅನ್ಸುತ್ತೆ. ನೀವೇನಂತೀರಾ?"

"ಅಭ್ಯಾಸ ಆಗ್ಬೇಕು ಮೇಡಂ. ಸ್ವಲ್ಪ ಟೈಮ್ ಹಿಡಿಯುತ್ತೆ," ಎಂದೆ.

ಆಗ ಅದು ನನಗೆ ಅವರ ಪರವಾಗಿ ಆಡಿದ ಮಾತಿನಂತೆಯೇ ಇತ್ತು. ಮೆಟ್ಟಿಲಿಳಿಯುವಾಗ ತಿಳಿಯಿತು, ತಪ್ಪನ್ನು ನನ್ನ ಟೇಬಲ್ಲಿನಿಂದ ಎತ್ತಿ ಅವರ ಟೇಬಲ್ಲಿನ ಮೇಲೆ ಇಟ್ಟು ಬಂದಿದ್ದೆ. ವಾಪಸ್ ಹತ್ತಿಹೋಗಿ ಸರಿಪಡಿಸಲಿಲ್ಲ.

ಶನಿವಾರ ಇಂದಿರಾನಗರದಲ್ಲಿ ಮಾತಾಡಿದೆ. ಹದಿನಾರಕ್ಕೆ ಹದಿನಾರು ಎಂಬ ಸ್ಲೈಡು ಬಂದಾಗ ಜನ ಚಪ್ಪಾಳೆ ತಟ್ಟಿದರು. ಕೊನೆಯಲ್ಲಿ ಒಬ್ಬರು ಎದ್ದು, "ಯಾರಿಗೂ ತೊಂದ್ರೆ ಆಗ್ಲಿಲ್ವಾ?" ಎಂದು ಕೇಳಿದರು. "ಒಬ್ಬರಿಗೆ ಮಾತ್ರ. ಅಭ್ಯಾಸದ ಪ್ರಶ್ನೆ," ಎಂದೆ. ಎರಡನೇ ಸಲ ಹೇಳುವಾಗ ಆ ಮಾತು ಸಲೀಸಾಗಿ ಬಂತು. ಮೆಟ್ರೋದಲ್ಲಿ ಹಲಸೂರಿಗೆ ಬರುವಾಗ ನನಗೆ ಸಂತೋಷವಾಗಬೇಕಿತ್ತು. ಆ ಹೆಂಗಸು ಬೆಂಚಿನ ಮೇಲೆ ಕೂತು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದದ್ದೇ ಕಣ್ಣಮುಂದೆ ಬರುತ್ತಿತ್ತು.

ಸೋಮವಾರ ಬೆಳಿಗ್ಗೆಯೇ ಡಿಸ್ಕ್ ಹಿಡಿದು ಆಸ್ಪತ್ರೆಗೆ ಹೋದೆ. ಫೋನ್ ಟೇಬಲ್ಲಿನಲ್ಲಿ ಹೊಸ ಹುಡುಗಿಯೊಬ್ಬಳು ಕೂತಿದ್ದಳು. ಆಪರೇಟರ್ ಅಣ್ಣ ಔಷಧಿ ಅಂಗಡಿಯ ಹಿಂದಿನ ಬೆಂಚಿನಲ್ಲಿ ಮಾತ್ರೆ ಹಾಕುವ ಕಾಗದದ ಕವರು ಮಡಿಸುತ್ತಿದ್ದರು. ಅಂಚಿಗೆ ಅಂಚು ಕೂಡಿಸಿ, ಉಗುರಿನಿಂದ ತೀಡಿ, ಒಂದರ ಮೇಲೊಂದು ಇಡುತ್ತಿದ್ದರು. ಪಕ್ಕದಲ್ಲಿ ಕೂತೆ.

"ಅಣ್ಣಾ, ನೀವು ಹಳೇ ಮಿಷಿನಲ್ಲಿ ಹೇಗೆ ಕೆಲ್ಸ ಮಾಡ್ತಿದ್ರಿ?"

ಅವರು ಮಡಿಸುವುದನ್ನು ನಿಲ್ಲಿಸಿದರು. "ಈಗ ಕೇಳ್ತಿದೀರಾ ಸಾರ್?"

ಕೈಯಲ್ಲಿದ್ದ ಕವರನ್ನು ಮಡಿಸಿಟ್ಟು ಹೇಳಿದರು. ಆ ಪ್ರೋಗ್ರಾಮು ಬರೆದವರು ವಾರಗಟ್ಟಲೆ ಇವರ ಪಕ್ಕ ಕೂತು, ಪ್ರತಿ ಗುಂಡಿಗೂ ಇವರು ಹೇಳಿದ ಹೆಸರು ಇಟ್ಟಿದ್ದರಂತೆ. ಡಾಕ್ಟರುಗಳಿಗೆ ಅಂಕಿ ಇರಲಿಲ್ಲ, ಅವರವರ ಹೆಸರಿನ ಮೊದಲಕ್ಷರ ಒತ್ತಿದರೆ ಸಾಕಿತ್ತು. ಆಮೇಲೆ ಅಂಗಿಯ ಜೇಬಿನಿಂದ ಒಂದು ಪೆನ್ ಡ್ರೈವ್ ತೆಗೆದರು.

"ನನ್ನ ಮಾತಾಡೋ ಸಾಫ್ಟ್‌ವೇರು ಇದ್ರಲ್ಲಿದೆ. ಎಲ್ಲಿ ಹೋದ್ರೂ ಇಟ್ಕೊಂಡಿರ್ತೀನಿ. ಕಣ್ಣು ಕಾಣ್ದೇ ಇರೋರೇ ಬರೆದು ಫ್ರೀಯಾಗಿ ಕೊಟ್ಟಿರೋದು ಸಾರ್ ಇದು. ಒಳಗಿರೋ ಕೋಡು ಯಾರ್ ಬೇಕಾದ್ರೂ ನೋಡ್ಬೋದಂತೆ, ತಿದ್ಬೋದಂತೆ. ನಿಮ್ಮ ಲಿನಕ್ಸ್ ಥರಾನೇ ಅಲ್ವಾ?"

ಹೌದು, ಅದು ಮುಕ್ತ ತಂತ್ರಾಂಶ. ವಿಂಡೋಸ್‌ನ ಮೇಲೆ ಓಡುವ, ಆದರೆ ನಾನು ಹತ್ತು ವೇದಿಕೆಗಳಲ್ಲಿ ಹೊಗಳಿದ ತತ್ತ್ವದ ಮೇಲೆಯೇ ಹುಟ್ಟಿದ ತಂತ್ರಾಂಶ. ಆ ಆಸ್ಪತ್ರೆಯಲ್ಲಿ ಯಂತ್ರವನ್ನು ತಮ್ಮ ಮಾತು ಕೇಳುವಂತೆ ಮಾಡಿಕೊಂಡಿದ್ದವರು ಒಬ್ಬರೇ ಒಬ್ಬರು, ನಾನು ಬರುವ ಮೊದಲೇ ಅಲ್ಲಿದ್ದವರು. ಸ್ವಾತಂತ್ರ್ಯದ ಹೆಸರಿನಲ್ಲಿ ನಾನು ಕಿತ್ತುಹಾಕಿದ್ದು ಅದನ್ನೇ.

ಮೇಡಂ ಬಳಿಗೆ ಹೋಗಿ ಹಳೆಯದನ್ನು ವಾಪಸ್ ಹಾಕುತ್ತೇನೆ ಎಂದೆ.

"ಒಂದು ಓಲ್ಡ್ ವಿಂಡೋಸ್ ಇದ್ರೂ ಎಲ್ಲಾದಕ್ಕೂ ಡೇಂಜರ್ ಅಂದಿದ್ದು ನೀವೇ ಅಲ್ವಾ?"

"ನಾನೇ ಮೇಡಂ. ಇಂಟರ್ನೆಟ್ ತಪ್ಪಿಸಿದ್ರೆ ಅಷ್ಟು ಅಪಾಯ ಇಲ್ಲ. ಅವತ್ತೂ ನಂಗೆ ಅದು ಗೊತ್ತಿತ್ತು. ತಪ್ಪು ಅಪಾಯಿಂಟ್‌ಮೆಂಟ್ ಆಗಿದ್ದು ಅವರಿಂದ ಅಲ್ಲ, ನಾನು ಮಾಡಿದ ಪ್ರೋಗ್ರಾಮಿಂದ."

ಅವರು ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು. "ಇದನ್ನ ಹೋದ ಬುಧವಾರ ಹೇಳಿದ್ರೆ ನಾನು ಆ ಹುಡುಗೀನ ಕರೀತಾನೇ ಇರ್ಲಿಲ್ಲ. ಬೇರೆ ಕಡೆ ಕೆಲ್ಸ ಬಿಟ್ಟು ಬಂದಿದಾಳೆ. ಈಗ ಅವಳಿಗೆ ಹೋಗು ಅನ್ಲಾ?"

ಕೊನೆಗೆ ಬೆಳಗಿನ ಹೊತ್ತು ಹುಡುಗಿ, ಮಧ್ಯಾಹ್ನ ಆಪರೇಟರ್ ಅಣ್ಣ ಎಂದು ಮೇಡಂ ತೀರ್ಮಾನಿಸಿದರು. ನಾನು ಹುಡುಗಿಗೆ ರಿಜಿಸ್ಟ್ರೇಷನ್ನಿನಿಂದ ಒಂದು ಯಂತ್ರ ತಂದಿಟ್ಟು, ಅಣ್ಣನ ಯಂತ್ರವನ್ನು ಇನ್ನೊಂದು ಟೇಬಲ್ಲಿಗೆ ಸಾಗಿಸಿ, ಅದಕ್ಕೆ ಹಳೆಯ ವಿಂಡೋಸ್ ಮರಳಿಸಿ, ಬೇಲಿ ಹಾಕಿ ಕೊಟ್ಟೆ. ಮುಕ್ಕಾಲು ಗಂಟೆಯೇ ಹಿಡಿಯಿತು. ಆಪರೇಟರ್ ಅಣ್ಣ ಇಯರ್‌ಫೋನ್ ಹಾಕಿಕೊಂಡು ಕೂತರು. ಮಿಡತೆ ಚಿರ್ರೆಂದಿತು. ಎರಡು ಕರೆ ಮುಗಿಸಿ, "ಸರಿಯಾಗಿದೆ ಸಾರ್," ಎಂದರು. ಮುಂದಿನ ಕರೆಗೆ ಬಹಳ ಹೊತ್ತು ಕಾಯಬೇಕಾಯಿತು. ಮಧ್ಯಾಹ್ನ ಫೋನ್ ಮಾಡುವವರು ಕಡಿಮೆ. ಅವರಿಗೂ ಅದು ಗೊತ್ತಿತ್ತು.

ಕೆಲವು ತಿಂಗಳ ಮೇಲೆ ಪ್ರಿಂಟರ್ ಕೆಲಸಕ್ಕೆ ಹೋದಾಗ ಆ ಟೇಬಲ್ಲಿನ ಮೇಲೆ ಫೈಲುಗಳನ್ನು ಒಟ್ಟಿದ್ದರು. ಮಧ್ಯಾಹ್ನಕ್ಕೆಂದು ಇನ್ನೊಬ್ಬರು ಬೇಕಿಲ್ಲ ಎಂದು ಆಸ್ಪತ್ರೆ ನಡೆಸುವ ಟ್ರಸ್ಟಿನವರು ನಿರ್ಧರಿಸಿದ್ದರಂತೆ. ಆಪರೇಟರ್ ಅಣ್ಣನನ್ನು ಕಳಿಸುವಾಗ ಶಾಲು ಹೊದಿಸಿ ಎಲ್ಲರೂ ಅತ್ತರಂತೆ. ನರ್ಸ್ ಹೇಳಿದರು.

ಒಂದು ಭಾನುವಾರ ಬೆಳಿಗ್ಗೆ ಅವರ ಮನೆಯ ವಿಳಾಸ ಕೇಳಿಕೊಂಡು ಮರ್ಫಿ ಟೌನಿಗೆ ಹೋದೆ. ನನ್ನ ಮನೆಯಿಂದ ನಡೆದು ಹೋಗುವಷ್ಟು ದೂರ. ಓಣಿಯೊಳಗಿನ ಎರಡು ಕೋಣೆಯ ಮನೆ, ಬಾಗಿಲ ಮೇಲೆ ಬುದ್ಧನ ಪಟ. ಅವರ ಮಗಳು ಒಳಗೆ ಕರೆದು ಕೂರಿಸಿದಳು. ಡಿಗ್ರಿ ಓದುತ್ತಿರುವ ಹುಡುಗಿ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಹೇಗೋ ಹೇಳಿದೆ. ಮೇಡಂ ಮುಂದೆ ಏನು ಹೇಳಿದೆ, ಏನು ಹೇಳಲಿಲ್ಲ, ಇಂದಿರಾನಗರದಲ್ಲಿ ಏನು ಹೇಳಿದೆ, ಎಲ್ಲವನ್ನೂ.

ಅವರು ಪೂರ್ತಿ ಕೇಳಿದರು. "ಗೊತ್ತಿತ್ತು ಸಾರ್," ಎಂದರು. "ಅಭ್ಯಾಸ ಆಗ್ಬೇಕು ಅಂತ ನೀವ್ ಹೇಳಿದ್ದು ಆವತ್ತೇ ಗೊತ್ತಾಯ್ತು. ಮೇಡಂ ರೂಮು ನನ್ನ ಟೇಬಲ್ಲಿನ ಮೇಲೇನೇ ಅಲ್ವಾ, ಕಿಟಕಿ ತೆಗೆದಿತ್ತು." ಆಮೇಲೆ, "ನೀವು ಕೆಟ್ಟೋರಲ್ಲ. ಕೇಳ್ಲಿಲ್ಲ, ಅಷ್ಟೇ," ಎಂದರು.

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೆಲಸವೇನಾದರೂ ಸಿಕ್ಕಿತೇ ಎಂದದ್ದಕ್ಕೆ, ಎರಡು ಕಡೆ ಹೇಳಿಟ್ಟಿದ್ದೇನೆ, ಎಲ್ಲ ಕಡೆ ಈಗ ಫೋನ್ ಎತ್ತುವುದಕ್ಕೂ ಯಂತ್ರವೇ ಬಂದಿದೆಯಂತೆ ಎಂದರು. ಆಮೇಲೆ ಮಗಳನ್ನು ಕರೆದು ಅವಳ ಹಳೆಯ ಲ್ಯಾಪ್‌ಟಾಪ್ ತರಿಸಿದರು.

"ಇದು ತುಂಬಾ ಸ್ಲೋ ಅಂತಾಳೆ ಸಾರ್. ಇದಕ್ಕೆ ನಿಮ್ದನ್ನೇ ಹಾಕ್ಕೊಡಿ. ಅವಳಿಗೆ ಕಣ್ಣು ಕಾಣ್ಸುತ್ತೆ."

ಆ ಮಾತಿನಲ್ಲಿ ಕುಟುಕು ಇತ್ತೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಅವರ ಮುಖ ಎಂದಿನಂತೆಯೇ ಇತ್ತು.

ಚೀಲದಲ್ಲಿ ಲಿನಕ್ಸ್ ತುಂಬಿದ ಪೆನ್ ಡ್ರೈವ್ ಇತ್ತು, ಸದಾ ಇರುತ್ತದೆ. ತೆಗೆಯಲಿಲ್ಲ. ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಇದ್ರಲ್ಲಿ ನೀನು ದಿನಾ ಏನೇನ್ ಮಾಡ್ತೀಯ, ಒಂದೊಂದಾಗಿ ತೋರ್ಸಮ್ಮ," ಎಂದೆ. ಅವಳು ಕಾಲೇಜಿನ ಪ್ರಾಜೆಕ್ಟ್ ತೆಗೆದಳು, ಟೈಪಿಂಗ್ ಅಭ್ಯಾಸದ ಪ್ರೋಗ್ರಾಮು ತೆಗೆದಳು, ಅಪ್ಪನಿಗೆ ಪತ್ರಿಕೆ ಓದಿಸಲು ಮಾಡಿಕೊಂಡಿದ್ದ ಏರ್ಪಾಡನ್ನು ತೋರಿಸಿದಳು. ನಾನು ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತಾ ಹೋದೆ. ಅವಳ ಅಪ್ಪ ಗೋಡೆಗೆ ಒರಗಿ ಕೇಳುತ್ತಾ ಕೂತಿದ್ದರು.

ಎಲ್ಲ ಮುಗಿಯುವುದಕ್ಕೆ ಒಂದು ಗಂಟೆ ಹಿಡಿಯಿತು. ಅಷ್ಟೇ ಹಿಡಿಯುವುದು.